ಫಿಲ್ಟರ್ ಬದಲಿಸುವ ಮುನ್ನ ಪುಡಿ ನೋಡಿ

ಮನೆಯಲ್ಲಿ ಒಳ್ಳೆಯ ಕಾಫಿ ಮಾಡಿಕೊಳ್ಳಬೇಕು, ಏನು ಕೊಳ್ಳಲಿ? ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಒಂದು ಕಾಲಕ್ಕೆ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ಅಡುಗೆಮನೆಯಲ್ಲಿ ಎರಡು ಅಂತಸ್ತಿನ ಸ್ಟೀಲ್ ಇಲ್ಲವೇ ಹಿತ್ತಾಳೆ ಫಿಲ್ಟರ್ ಇರುತ್ತಿತ್ತು. ಅದಿಲ್ಲದ ಮನೆಯಲ್ಲಿ ಕಾಫಿ ಸೋಸುವ ಬಟ್ಟೆ ಇರುತ್ತಿತ್ತು. ಅವಸರಕ್ಕೆಂದು ಇನ್‌ಸ್ಟಂಟ್ ಪುಡಿಯ ಬಾಟಲಿ. ಈಗ ಹಾಗಿಲ್ಲ. ಫ್ರೆಂಚ್ ಪ್ರೆಸ್, ಮೋಕಾ ಪಾಟ್, ಪೋರ್ ಓವರ್, ಏರೋಪ್ರೆಸ್, ಸಣ್ಣ ಎಸ್ಪ್ರೆಸೊ ಯಂತ್ರ ಎಲ್ಲವೂ ಮೊಬೈಲಿನಲ್ಲಿ ಆರ್ಡರ್ ಮಾಡಿದರೆ ಮನೆಬಾಗಿಲಿಗೆ ಬರುತ್ತವೆ. ಕೆಲವು ನೂರು ರೂಪಾಯಿಯಿಂದ ಹಿಡಿದು ಲಕ್ಷದವರೆಗೆ ಖರ್ಚು ಮಾಡಲು ದಾರಿಯುಂಟು. ಕೊಂಡವರಲ್ಲಿ ಬಹಳ ಮಂದಿ ನಾಲ್ಕು ದಿನ ಬಳಸಿ ಮೇಲಿನ ಕಪಾಟಿಗೆ ಸೇರಿಸುತ್ತಾರೆ, ಕಾಫಿ ಮಾತ್ರ ಹಾಗೆಯೇ ಉಳಿಯುತ್ತದೆ. ಹಾಗಾಗಿ ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹಾಲು ಬೆರೆಸಿ ಕಾಫಿ ಕುಡಿಯುವ ಮನೆಗೆ ನಮ್ಮ ಸಾಧಾರಣ ಫಿಲ್ಟರಿಗಿಂತ ತಕ್ಕ ಸಾಧನ ಆ ಬೆಲೆಗೆ ಇನ್ನೊಂದಿಲ್ಲ. ನಮ್ಮ ಮನೆಗಳಲ್ಲಿ ಕಾಫಿ ಕೆಡುತ್ತಿರುವುದು ಫಿಲ್ಟರಿನಿಂದಲ್ಲ, ಅದರೊಳಗೆ ಬೀಳುವ ಪುಡಿಯಿಂದ ಮತ್ತು ಡಿಕಾಕ್ಷನ್ ಇಳಿದ ಮೇಲೆ ನಾವು ಅದಕ್ಕೆ ಮಾಡುವ ಉಪಚಾರದಿಂದ. ಯಂತ್ರಕ್ಕೆ ಹಾಕಬೇಕೆಂದಿರುವ ಹಣವನ್ನು ಪುಡಿಗೆ ಹಾಕಿ ಎಂಬುದೇ ನನ್ನ ವಾದ.

ಈ ವಾದಕ್ಕೆ ಆಧಾರ ಬೇಕಷ್ಟೆ. ಅದು ಸಿಗುವುದು ಒಂದು ಸರಳ ಲೆಕ್ಕದಲ್ಲಿ. 1950ರ ದಶಕದಲ್ಲಿ ಅಮೆರಿಕದ ಎಂಐಟಿಯ ರಸಾಯನವಿಜ್ಞಾನಿ ಅರ್ನೆಸ್ಟ್ ಲಾಕ್‌ಹಾರ್ಟ್ ಕಾಫಿ ಇಳಿಸುವ ಕ್ರಿಯೆಯನ್ನು ಅಳತೆಗೆ ತಂದರು. ಹುರಿದ ಕಾಫಿ ಬೀಜದಲ್ಲಿ ನೀರಿಗೆ ಕರಗಿ ಬರಬಲ್ಲ ಅಂಶ ಸುಮಾರು ಶೇ 30. ಅಷ್ಟನ್ನೂ ಹಿಂಡಿ ತೆಗೆದರೆ ಕಾಫಿ ಕಹಿಯಾಗುತ್ತದೆ, ತೀರಾ ಕಡಿಮೆ ತೆಗೆದರೆ ಹುಳಿಹುಳಿಯಾಗಿ ಸಪ್ಪೆಯಾಗಿರುತ್ತದೆ. ಪುಡಿಯ ತೂಕದ ಶೇ 18ರಿಂದ 22ರಷ್ಟು ಸಾರ ನೀರಿಗೆ ಇಳಿದಾಗ ರುಚಿ ಹದವಾಗಿರುತ್ತದೆ, ಲೋಟಕ್ಕೆ ಬಂದ ಪಾನೀಯದಲ್ಲಿ ಆ ಸಾರ ಶೇ 1.15ರಿಂದ 1.35ರಷ್ಟಿದ್ದರೆ ಕುಡಿಯಲು ಹಿತ ಎಂಬ ತೀರ್ಮಾನಕ್ಕೆ ಆ ಕೆಲಸ ಬಂದು ನಿಂತಿತು. ಕಾಫಿ ಜಗತ್ತು ಇಂದಿಗೂ ಹೆಚ್ಚೂಕಡಿಮೆ ಈ ಅಳತೆಗಳನ್ನೇ ಆಧಾರವಾಗಿ ಇಟ್ಟುಕೊಂಡಿದೆ. ಇಲ್ಲಿ ಒಂದು ಮಾತು ಗಮನಿಸಬೇಕು. ಇದು ಹಾಲಿಲ್ಲದ ಕಪ್ಪು ಕಾಫಿಯ ಲೆಕ್ಕ. ನಮ್ಮ ಲೋಟದಲ್ಲಿ ಮುಕ್ಕಾಲು ಭಾಗ ಹಾಲೇ ಇರುತ್ತದೆ. ಹಾಲು ಬೆರೆತ ಮೇಲೂ ಆ ಗಟ್ಟಿತನ ಉಳಿಯಬೇಕಾದರೆ, ಹಾಲಿಗೆ ಸೇರುವ ಮುಂಚಿನ ಡಿಕಾಕ್ಷನ್ ನಾಲ್ಕು ಪಟ್ಟು ಗಟ್ಟಿ ಇರಲೇಬೇಕು.

ಫಿಲ್ಟರ್ ಕೊಡುವುದು ಅದನ್ನೇ. ಇಬ್ಬರಿಗೆ ಕಾಫಿ ಎಂದು 20 ಗ್ರಾಂ ಪುಡಿ ಹಾಕಿ, 100 ಮಿಲಿಲೀಟರ್ ಕುದಿನೀರು ಹೊಯ್ದಿರಿ ಎನ್ನಿ. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಉಳಿದ 60 ಮಿಲಿಲೀಟರ್ ಕೆಳಗಿನ ಪಾತ್ರೆಗೆ ಇಳಿಯುತ್ತದೆ, ಅದರಲ್ಲಿ ಸುಮಾರು ಮೂರು ಗ್ರಾಂ ಸಾರ ಇರುತ್ತದೆ. ಅಂದರೆ ಡಿಕಾಕ್ಷನ್ನಿನ ಗಟ್ಟಿತನ ಶೇ 5. ತಲಾ 30 ಮಿಲಿಲೀಟರ್ ಡಿಕಾಕ್ಷನ್‌ಗೆ 80 ಮಿಲಿಲೀಟರ್ ಹಾಲು ಸೇರಿಸಿದರೆ ಲೋಟದಲ್ಲಿ ಕಾಫಿಯ ಸಾರ ಶೇ 1.3ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಯಾವ ಪ್ರಯೋಗಾಲಯದ ಸಹಾಯವೂ ಇಲ್ಲದೆ ನಮ್ಮ ಅಡುಗೆಮನೆಗಳು ಮುಟ್ಟಿದ ಹದ ಇದು. ಈಗ ಇದೇ ಲೆಕ್ಕವನ್ನು ಫ್ರೆಂಚ್ ಪ್ರೆಸ್‌ಗೆ ಹಚ್ಚಿ ನೋಡಿ. ಅದರ ರೂಢಿಯ ಅಳತೆ ಒಂದು ಲೀಟರ್ ನೀರಿಗೆ 60 ಗ್ರಾಂ ಪುಡಿ. ಇಳಿದ ಕಾಫಿಯ ಗಟ್ಟಿತನ ಶೇ 1.2 ಅಥವಾ 1.3. ಹಾಗೇ ಕುಡಿದರೆ ಸೊಗಸು. ಅದಕ್ಕೆ ನಮ್ಮ ರೂಢಿಯ ಹಾಲು ಸುರಿದರೆ ಶೇ 0.35ಕ್ಕೆ ಕುಸಿದು ಕಾಫಿಯ ಬಣ್ಣದ ಹಾಲಾಗುತ್ತದೆ. ಕಾಗದದ ಸೋಸುಕದಲ್ಲಿ ನಿಧಾನಕ್ಕೆ ನೀರು ಹೊಯ್ಯುವ ಪೋರ್ ಓವರ್‌ಗೂ ಇದೇ ಮಾತು. ‘ಇಷ್ಟು ದುಡ್ಡು ಕೊಟ್ಟು ತಂದೆ, ಕಾಫಿ ನೀರುನೀರಾಗಿ ಬರುತ್ತದೆ’ ಎಂದು ದೂರುವವರ ಸಾಧನದಲ್ಲಿ ದೋಷವಿಲ್ಲ. ಹಾಲಿಗಾಗಿ ಹುಟ್ಟದ ಸಾಧನದಿಂದ ಹಾಲಿನ ಕಾಫಿಯನ್ನು ಅವರು ನಿರೀಕ್ಷಿಸುತ್ತಿದ್ದಾರೆ.

ಹಾಲಿಗೆ ನಿಲ್ಲುವ ಗಟ್ಟಿತನ ಕೊಡುವ ಸಾಧನಗಳು ಬೇರೆಯೂ ಇವೆ, ಇಲ್ಲವೆಂದಲ್ಲ. ಎಸ್ಪ್ರೆಸೊ ಯಂತ್ರ ಒಂಬತ್ತು ಬಾರ್ ಒತ್ತಡದಲ್ಲಿ ಅರ್ಧ ನಿಮಿಷದೊಳಗೆ ಫಿಲ್ಟರ್ ಡಿಕಾಕ್ಷನ್ನಿಗಿಂತಲೂ ಗಟ್ಟಿಯಾದ ಕಾಫಿ ಇಳಿಸುತ್ತದೆ. ಆದರೆ ಆ ಒತ್ತಡವನ್ನೂ ಬಿಸಿಯನ್ನೂ ಸ್ಥಿರವಾಗಿ ಹಿಡಿದಿಡುವ ಯಂತ್ರ ದುಬಾರಿ, ಅದಕ್ಕೆ ಹೊಂದುವ ಗ್ರೈಂಡರ್ ಇಲ್ಲದಿದ್ದರೆ ಯಂತ್ರವಿದ್ದೂ ಪ್ರಯೋಜನವಿಲ್ಲ. ಮೋಕಾ ಪಾಟ್ ಮಾತ್ರ ಫಿಲ್ಟರಿನ ನಿಜವಾದ ಹತ್ತಿರದ ನೆಂಟ. ಇಟಲಿಯ ಅಲ್ಫೊನ್ಸೊ ಬಿಯಾಲೆಟ್ಟಿ 1933ರಲ್ಲಿ ಹೊರತಂದ ಈ ಪಾತ್ರೆಯಲ್ಲಿ ಕೆಳಗಿನ ನೀರು ಕಾದು, ಹಬೆಯ ಒತ್ತಡಕ್ಕೆ ಪುಡಿಯ ಮೂಲಕ ಮೇಲೇರುತ್ತದೆ. ಐದು ನಿಮಿಷದಲ್ಲಿ ಗಟ್ಟಿ ಕಾಫಿ ಸಿದ್ಧ. ಬೆಳಗ್ಗೆ ಬಸ್ಸು ಹಿಡಿಯುವ ಅವಸರದಲ್ಲಿರುವವರಿಗೆ ನಾನು ಇದನ್ನು ಖಂಡಿತ ಹೇಳುತ್ತೇನೆ. ಆದರೆ ಉರಿ ತುಸು ಜಾಸ್ತಿಯಾದರೂ ಅದರಲ್ಲಿ ಕಾಫಿ ಸೀದ ಕಹಿಗೆ ತಿರುಗುತ್ತದೆ, ಎದುರಿಗೇ ನಿಂತು ಕಾಯಬೇಕು. ಒಲೆಯ ಮೇಲೆ ಕೂರುವ ಗೊಡವೆಯೇ ಇಲ್ಲದ ಫಿಲ್ಟರಿಗೆ ಆ ಭಯವಿಲ್ಲ.

ಹಾಗಾದರೆ ಮನೆಯ ಫಿಲ್ಟರಿನಲ್ಲೇ ಒಂದು ದಿನ ಚೆನ್ನಾಗಿ ಬಂದ ಕಾಫಿ ಇನ್ನೊಂದು ದಿನ ಕೈಕೊಡುವುದೇಕೆ? ಉತ್ತರಕ್ಕೆ ಫಿಲ್ಟರಿನೊಳಗೆ ಏನು ನಡೆಯುತ್ತದೆಂದು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೇಲಿನ ಪಾತ್ರೆಗೆ ಪುಡಿ ಹಾಕಿ, ಪಕ್ಕಕ್ಕೆ ಎರಡು ಬಾರಿ ತಟ್ಟಿದರೆ ಪುಡಿ ಸಮತಟ್ಟಾಗುತ್ತದೆ. ಕಡ್ಡಿಯಿರುವ ತೂತಿನ ಬಿಲ್ಲೆಯನ್ನು ಅದರ ಮೇಲಿಟ್ಟು ಮೆಲ್ಲಗೆ ಒತ್ತುತ್ತೇವೆ. ಒತ್ತದೆ ಬಿಟ್ಟರೆ ನೀರು ಸಡಿಲ ಜಾಗ ಹುಡುಕಿಕೊಂಡು ಒಂದೇ ಕಡೆಯಿಂದ ಇಳಿದುಬಿಡುತ್ತದೆ. ಅಲ್ಲಿನ ಪುಡಿಯಿಂದ ಕಹಿ ಇಳಿಯುವಷ್ಟು ಸಾರ ಹೋಗಿ, ಉಳಿದ ಕಡೆ ಪುಡಿ ನೆನೆದೂ ನೆನೆಯದಂತೆ ಇರುತ್ತದೆ. ಬಲವಾಗಿ ಅದುಮಿದರೆ ನೀರು ಇಳಿಯುವುದೇ ಇಲ್ಲ. ಕುದಿನೀರನ್ನು ಬಿಲ್ಲೆಯ ಮೇಲೆ ಸುತ್ತಲೂ ಸಮನಾಗಿ ಹೊಯ್ಯಬೇಕು. ಮೊದಲು ಪುಡಿ ಒದ್ದೆಯಾಗುವಷ್ಟೇ ನೀರು ಹಾಕಿ, ಅರ್ಧ ನಿಮಿಷ ಬಿಟ್ಟು ಉಳಿದದ್ದನ್ನು ಹೊಯ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಹೊಸ ಪುಡಿಯೊಳಗೆ ಸಿಕ್ಕಿಕೊಂಡಿರುವ ಇಂಗಾಲದ ಡೈಆಕ್ಸೈಡ್ ಆ ಅರ್ಧ ನಿಮಿಷದಲ್ಲಿ ಹೊರಬಿದ್ದು ನೀರಿಗೆ ದಾರಿ ಮಾಡಿಕೊಡುತ್ತದೆ. ಕುದಿನೀರು ಹಾಕಿದರೆ ಪುಡಿ ಸೀಯುತ್ತದೆ ಎಂಬ ಹೆದರಿಕೆ ಕೆಲವರಿಗಿದೆ. ಆ ಬೀಜ 200 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯಲ್ಲಿ ಹುರಿದುಕೊಂಡು ಬಂದದ್ದು, ನೀರಿನಿಂದ ಸೀಯಲಾರದು. ಅಲ್ಲದೆ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ, ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆಗೆ. ತಣ್ಣಗಿನ ಲೋಹ ಮುಟ್ಟಿದೊಡನೆ ಅದು ಇನ್ನಷ್ಟು ಇಳಿಯುತ್ತದೆ. ನಮ್ಮ ತಪ್ಪು ನೀರು ಬಿಸಿಯಾಗಿರುವುದಲ್ಲ, ಸಾಕಷ್ಟು ಬಿಸಿಯಿಲ್ಲದಿರುವುದು. ಪುಡಿ ಹಾಕುವ ಮುಂಚೆ ಫಿಲ್ಟರಿಗೊಮ್ಮೆ ಬಿಸಿನೀರು ಆಡಿಸಿ ಚೆಲ್ಲಿ, ಒದ್ದೆ ಒರೆಸಿಕೊಂಡರೆ ಈ ನಷ್ಟ ತಪ್ಪುತ್ತದೆ. ಹಿತ್ತಾಳೆಯದೋ ಸ್ಟೀಲಿನದೋ ಎಂಬ ಚರ್ಚೆಗೆ ಇದಕ್ಕಿಂತ ಹೆಚ್ಚಿನ ತಿರುಳಿಲ್ಲ. ದಪ್ಪ ಲೋಹ ಬಿಸಿ ಹಿಡಿದಿಡುತ್ತದೆ, ಅಷ್ಟೆ. ಹಿತ್ತಾಳೆಯದಾದರೆ ಒಳಗೆ ಕಲಾಯಿ ಇರಬೇಕು, ಅದು ಸವೆದಾಗ ಮತ್ತೆ ಹಾಕಿಸಬೇಕು.

ಫಿಲ್ಟರಿಗೆ ಎದುರಾಗುವ ದೊಡ್ಡ ಆಕ್ಷೇಪ ಸಮಯದ್ದು. ರಾತ್ರಿಯೇ ಹಾಕಿಟ್ಟರೆ ಬೆಳಗ್ಗೆ ಸಿಗುತ್ತದೆ, ಇಲ್ಲದಿದ್ದರೆ ತಾಸುಗಟ್ಟಲೆ ಕಾಯಬೇಕು ಎನ್ನುತ್ತಾರೆ. ತಾಸು ಹಿಡಿಯುತ್ತಿದ್ದರೆ ಎಲ್ಲೋ ತೊಂದರೆಯಿದೆ ಎಂದೇ ಅರ್ಥ. ಪುಡಿ ತೀರಾ ನುಣ್ಣಗಾಗಿರಬಹುದು, ಚಿಕೋರಿ ಜಾಸ್ತಿ ಸೇರಿ ಹಿಟ್ಟಿನಂತೆ ಕಟ್ಟಿಕೊಂಡಿರಬಹುದು, ಬಿಲ್ಲೆಯನ್ನು ಅದುಮಿರಬಹುದು, ಇಲ್ಲವೇ ತಳದ ತೂತುಗಳಲ್ಲಿ ಹಳೆಯ ಪುಡಿಯ ಜಿಡ್ಡು ಕೂತಿರಬಹುದು. ತೂತುಗಳನ್ನು ಬೆಳಕಿಗೆ ಹಿಡಿದು ನೋಡಿ. ಮುಚ್ಚಿದ್ದರೆ ವಿನೆಗರ್ ಬೆರೆಸಿದ ಬಿಸಿನೀರಿನಲ್ಲಿ ನೆನೆಸಿ, ಗಟ್ಟಿ ಬ್ರಷ್ಷಿನಿಂದ ಉಜ್ಜಿದರೆ ಬಿಟ್ಟುಕೊಳ್ಳುತ್ತದೆ. ಎಲ್ಲ ಸರಿಯಿದ್ದರೆ ಇಬ್ಬರು ಮೂವರಿಗೆ ಸಾಕಾಗುವ ಡಿಕಾಕ್ಷನ್ ಹದಿನೈದು ಇಪ್ಪತ್ತು ನಿಮಿಷದಲ್ಲಿ ಇಳಿಯುತ್ತದೆ. ಎದ್ದ ಕೂಡಲೇ ನೀರು ಹೊಯ್ದು, ಹಲ್ಲುಜ್ಜಿ, ಹಾಲು ಕಾಯಿಸುವಷ್ಟರಲ್ಲಿ ಅದು ಸಿದ್ಧವಾಗಿರುತ್ತದೆ. ರಾತ್ರಿಯಿಡೀ ಕೂತ ಡಿಕಾಕ್ಷನ್ ಕುಡಿಯಲು ಬಾರದ್ದೇನಲ್ಲ, ಆದರೆ ಕಾಫಿಯ ಪರಿಮಳ ಅಷ್ಟರಲ್ಲಿ ಬಹುಪಾಲು ಹಾರಿಹೋಗಿರುತ್ತದೆ. ಪರಿಮಳವೇ ಕಾಫಿಯ ಅರ್ಧ ಜೀವವಾಗಿರುವಾಗ ಅದನ್ನು ರಾತ್ರಿ ಖರ್ಚು ಮಾಡಿ ಬೆಳಗ್ಗೆ ಉಳಿದರ್ಧವನ್ನು ಕುಡಿಯುವುದು ಯಾತಕ್ಕೆ?

ಈಗ ಪುಡಿಯ ವಿಷಯಕ್ಕೆ ಬರೋಣ, ಈ ಬರಹದ ಮುಖ್ಯ ಮಾತು ಇದೇ. ಹುರಿದ ಬೀಜವನ್ನು ಬೀಜವಾಗಿಯೇ ಇಟ್ಟರೆ ಅದರ ಪರಿಮಳ ವಾರಗಳ ಕಾಲ ನಿಲ್ಲುತ್ತದೆ. ಪುಡಿ ಮಾಡಿದ ಕ್ಷಣದಿಂದ ಲೆಕ್ಕ ಬದಲಾಗುತ್ತದೆ. ಒಂದು ಬೀಜ ನೂರಾರು ಕಣಗಳಾಗಿ ಒಡೆದಾಗ ಗಾಳಿಗೆ ತೆರೆದುಕೊಳ್ಳುವ ಮೈ ಅನೇಕ ಪಟ್ಟು ಹೆಚ್ಚುತ್ತದೆ. ಬೀಜದೊಳಗಿನ ಅನಿಲ ಗಂಟೆಗಳೊಳಗೆ ಹೊರಟುಹೋಗುತ್ತದೆ, ಜತೆಗೆ ಸುವಾಸನೆಯ ಅಂಶಗಳನ್ನೂ ಹೊತ್ತೊಯ್ಯುತ್ತದೆ. ಕಾಫಿಯ ಎಣ್ಣೆಯಂಶ ಗಾಳಿಯ ಆಮ್ಲಜನಕಕ್ಕೆ ಸಿಕ್ಕಿ ಕಮಟು ಹಿಡಿಯಲು ತೊಡಗುತ್ತದೆ. ತಿಂಗಳ ಸಾಮಾನಿನ ಜತೆ ಒಂದು ಕಿಲೋ ಪುಡಿ ತಂದು, ಡಬ್ಬಿಯ ಮುಚ್ಚಳ ದಿನಕ್ಕೆ ನಾಲ್ಕು ಸಲ ತೆಗೆದು ಹಾಕುವ ಮನೆಯಲ್ಲಿ ಮೂರನೇ ವಾರದ ಕಾಫಿಗೆ ಬಣ್ಣವಿರುತ್ತದೆ, ಕಹಿಯಿರುತ್ತದೆ, ಪರಿಮಳ ಇರುವುದಿಲ್ಲ. ಆಗ ಮನೆಯವರು ಇನ್ನೊಂದು ಚಮಚ ಪುಡಿ ಹೆಚ್ಚು ಹಾಕುತ್ತಾರೆ, ಕಹಿ ಇನ್ನಷ್ಟು ಏರುತ್ತದೆ, ಅದನ್ನು ಮುಚ್ಚಲು ಸಕ್ಕರೆ. ಫಿಲ್ಟರಿನ ಮೇಲೆ ಸಂಶಯ ಬರುವುದು ಈ ಹಂತದಲ್ಲಿ. ಹೊಸ ಯಂತ್ರ ತಂದು ಅದಕ್ಕೂ ಇದೇ ಪುಡಿ ಹಾಕಿದರೆ ಯಾವ ಬದಲಾವಣೆ ಆದೀತು?

ನಮ್ಮ ರಾಜ್ಯದ ಓದುಗರಿಗೆ ಒಂದು ಅನುಕೂಲವಿದೆ. ದೇಶದ ಕಾಫಿಯಲ್ಲಿ ಶೇ 70ರಷ್ಟು ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನ ಈ ಮೂರು ಜಿಲ್ಲೆಗಳಲ್ಲಿ. ಬೆಂಗಳೂರು, ಮೈಸೂರಿನ ಹಳೆಯ ಬಡಾವಣೆಗಳಲ್ಲಿ, ಮಲೆನಾಡಿನ ಊರುಗಳಲ್ಲಿ ಬೀಜ ಹುರಿದು ಕಣ್ಣೆದುರೇ ಪುಡಿ ಮಾಡಿಕೊಡುವ ಅಂಗಡಿಗಳು ಇಂದಿಗೂ ಇವೆ, ದೂರದಿಂದಲೇ ವಾಸನೆ ಬಡಿಯುತ್ತದೆ. ಅಲ್ಲಿಂದ ವಾರಕ್ಕಾಗುವಷ್ಟು, ಕಾಲು ಕಿಲೋ, ಚಿಕ್ಕ ಸಂಸಾರವಾದರೆ ನೂರು ಗ್ರಾಂ ತಂದರೆ ಸಾಕು. ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ, ಒಲೆಯಿಂದ ದೂರ ಇಡಿ. ಫ್ರಿಜ್ಜಿನಲ್ಲಿಟ್ಟು ದಿನವೂ ಹೊರತೆಗೆಯುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ತಣ್ಣಗಿನ ಪುಡಿಯ ಮೇಲೆ ಹೊರಗಿನ ತೇವ ಕೂರುತ್ತದೆ, ಮೆಂತ್ಯ ಸೊಪ್ಪಿನಿಂದ ಹಿಡಿದು ನಿನ್ನೆಯ ಸಾಂಬಾರಿನವರೆಗೆ ಎಲ್ಲದರ ವಾಸನೆಯನ್ನು ಅದು ಎಳೆದುಕೊಳ್ಳುತ್ತದೆ. ಖರ್ಚು ಮಾಡಲೇಬೇಕೆಂದಿದ್ದರೆ ಒಂದು ಕೈ ಗ್ರೈಂಡರ್ ಕೊಳ್ಳಿ, ಬೀಜ ತಂದು ಬೇಕಾದಾಗ ಬೇಕಾದಷ್ಟೇ ಬೀಸಿಕೊಳ್ಳಿ. ಈ ಒಂದು ಬದಲಾವಣೆಯಿಂದ ಕಾಫಿಯಲ್ಲಿ ಕಾಣುವ ವ್ಯತ್ಯಾಸ ಬೇರಾವ ಸಾಧನದಿಂದಲೂ ಬರದು. ಮಿಕ್ಸಿಯಲ್ಲಿ ಪುಡಿ ಮಾಡಿದರಾಗದೇ ಎಂದರೆ, ಆಗುತ್ತದೆ, ಆದರೆ ಮಿಕ್ಸಿಯ ಬ್ಲೇಡು ಬೀಜವನ್ನು ಕಂಡಕಂಡಂತೆ ಕತ್ತರಿಸುತ್ತದೆ. ಒಂದಷ್ಟು ಧೂಳು, ಒಂದಷ್ಟು ನುಚ್ಚು. ಧೂಳಿನಿಂದ ಕಹಿ, ನುಚ್ಚಿನಿಂದ ಹುಳಿ, ಎರಡೂ ಒಂದೇ ಲೋಟಕ್ಕೆ ಬರುತ್ತವೆ. ಫಿಲ್ಟರಿಗೆ ಬೇಕಾದದ್ದು ಸಣ್ಣ ರವೆಗಿಂತ ತುಸು ನುಣುಪಾದ, ಒಂದೇ ಸಮನಾದ ಪುಡಿ.

ಚಿಕೋರಿಯ ಬಗ್ಗೆ ಮಾತಾಡದೆ ನಮ್ಮ ಕಾಫಿಯ ಮಾತು ಮುಗಿಯದು. ಅದನ್ನು ಕಲಬೆರಕೆ ಎಂದು ಬೈಯುವವರೂ ಇದ್ದಾರೆ, ಅದಿಲ್ಲದೆ ಕಾಫಿಯೇ ಅಲ್ಲ ಎನ್ನುವವರೂ ಇದ್ದಾರೆ. ಹುರಿದು ಪುಡಿ ಮಾಡಿದ ಈ ಬೇರಿನಲ್ಲಿ ಕೆಫೀನ್ ಇಲ್ಲ. ಡಿಕಾಕ್ಷನ್ನಿಗೆ ಕಪ್ಪು ಬಣ್ಣ, ಮಂದತನ, ಸುಟ್ಟ ಸಕ್ಕರೆಯಂಥ ಕಹಿಸಿಹಿ ಕೊಡುತ್ತದೆ. ಹಾಲಿನ ಜತೆ ಹೊಂದುತ್ತದೆ. ನೂರಕ್ಕೆ ಹತ್ತು, ಹೆಚ್ಚೆಂದರೆ ಇಪ್ಪತ್ತರಷ್ಟು ಚಿಕೋರಿ ಸೇರಿದ ಪುಡಿಯ ಬಗ್ಗೆ ನನ್ನ ತಕರಾರಿಲ್ಲ, ಅದು ನಾಲಗೆಗೆ ಬಿಟ್ಟದ್ದು. ತಕರಾರಿರುವುದು ಅದರಾಚೆಗೆ. ನಮ್ಮ ಆಹಾರ ಸುರಕ್ಷತಾ ನಿಯಮದ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆಯಿರಬಾರದು. ಅಂದರೆ ಚಿಕೋರಿ ಶೇ 49ರವರೆಗೂ ಇರಬಹುದು. ಅರ್ಧಕ್ಕಿಂತ ಹೆಚ್ಚು ಕಾಫಿಯೇ ಇದೆಯಲ್ಲ ಎನಿಸುತ್ತದೆ, ಆದರೆ ಪೊಟ್ಟಣದ ಲೆಕ್ಕ ಬೇರೆ, ಲೋಟದ ಲೆಕ್ಕ ಬೇರೆ. ಕಾಫಿಯಲ್ಲಿ ಕರಗುವ ಅಂಶ ಮೂರನೇ ಒಂದು ಪಾಲಿಗಿಂತ ಹೆಚ್ಚಿಲ್ಲ, ಚಿಕೋರಿಯಲ್ಲಿ ಅರ್ಧಕ್ಕೂ ಹೆಚ್ಚು ಕರಗುತ್ತದೆ. ಹಾಗಾಗಿ 51-49ರ ಪುಡಿ ಹಾಕಿ ಇಳಿಸಿದ ಡಿಕಾಕ್ಷನ್ನಿನಲ್ಲಿ ಕಾಫಿಯ ಸಾರಕ್ಕಿಂತ ಚಿಕೋರಿಯ ಸಾರವೇ ಜಾಸ್ತಿ ಇರುವ ಸಂಭವವಿದೆ. ಅದನ್ನು ಕಾಫಿ ಎಂದು ಕುಡಿಯುತ್ತೇವೆ, ಕಾಫಿಗೆ ಹತ್ತಿರದ ಬೆಲೆ ತೆರುತ್ತೇವೆ. 2024 ಮತ್ತು 2025ರಲ್ಲಿ ಕಾಫಿ ಬೀಜದ ಧಾರಣೆ ಜಾಗತಿಕ ಮಾರುಕಟ್ಟೆಯಲ್ಲಿ ಹಿಂದೆಂದೂ ಕಾಣದ ಎತ್ತರಕ್ಕೆ ಹೋಯಿತು. ಇಂಥ ಹೊತ್ತಿನಲ್ಲಿ ಅಗ್ಗವಾಗಿ ಸಿಗುವ ಪುಡಿಯ ಪೊಟ್ಟಣವನ್ನು ತಿರುಗಿಸಿ, ಚಿಕೋರಿ ಎಷ್ಟಿದೆಯೆಂದು ಓದಿಯೇ ಕೊಳ್ಳಬೇಕು. ಆ ಪ್ರಮಾಣವನ್ನು ಮುದ್ರಿಸುವುದು ತಯಾರಕರಿಗೆ ಕಡ್ಡಾಯ.

ಬೀಜದ ಜಾತಿಯ ಬಗ್ಗೆಯೂ ಅನಗತ್ಯ ಗೊಂದಲವಿದೆ. ಅಂಗಡಿಯಲ್ಲಿ ‘ಪ್ಲಾಂಟೇಶನ್ ಎ’ ಎಂದು ಕರೆಯುವುದು ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಅರೇಬಿಕಾದ ದಪ್ಪ ಬೀಜ. ಪೀಬೆರಿ ಎಂದರೆ ಹಣ್ಣಿನೊಳಗೆ ಎರಡರ ಬದಲು ಒಂದೇ ಬೀಜ ಬೆಳೆದು ಗುಂಡಗಾದದ್ದು. ಹಣ್ಣಿನ ಸಮೇತ ಒಣಗಿಸಿದ್ದು ಚೆರ್ರಿ. ಅರೇಬಿಕಾ ಮೇಲು, ರೋಬಸ್ಟಾ ಕೀಳು ಎಂಬ ಮಾತನ್ನು ಹಾಲಿನ ಕಾಫಿಗೆ ಹಾಗೇ ಅನ್ವಯಿಸಲಾಗದು. ಅರೇಬಿಕಾದ ನವಿರು ಹುಳಿ ಮತ್ತು ಹೂವಿನಂಥ ಪರಿಮಳ ಹಾಲಿನಡಿ ಅರ್ಧ ಮುಳುಗಿಹೋಗುತ್ತದೆ. ಹಾಲಿನ ಕೇಸಿನ್ ಎಂಬ ಪ್ರೋಟೀನು ಕಾಫಿಯ ಒಗರನ್ನು ಹಿಡಿದು ಮೆತ್ತಗಾಗಿಸುತ್ತದೆ. ಅದಕ್ಕೆ ಎದುರು ನಿಲ್ಲುವ ಕಸುವು ರೋಬಸ್ಟಾದ್ದು. ಕೆಫೀನ್ ಅದರಲ್ಲಿ ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. ಎರಡು ಪಾಲು ಅರೇಬಿಕಾ, ಒಂದು ಪಾಲು ತೊಳೆದ ರೋಬಸ್ಟಾ ಬೆರೆಸಿ ಹುರಿಸಿದರೆ ಚಿಕೋರಿ ಕೊಡುವ ಗಟ್ಟಿತನದ ಬಹುಭಾಗ ಕಾಫಿಯಿಂದಲೇ ಬರುತ್ತದೆ. ಚಿಕೋರಿ ಬಿಡಬೇಕೆನ್ನುವವರು ಇದನ್ನು ಮಾಡಿ ನೋಡಲಿ.

ಡಿಕಾಕ್ಷನ್ ಇಳಿದ ಮೇಲಿನ ಉಪಚಾರದ ಮಾತನ್ನು ಮೊದಲೇ ಎತ್ತಿದ್ದೆ. ತಣ್ಣಗಾದ ಡಿಕಾಕ್ಷನ್ನನ್ನು ಒಲೆಯ ಮೇಲಿಟ್ಟು ಕುದಿಸುವುದು ಎಷ್ಟೋ ಮನೆಗಳಲ್ಲಿ ದಿನಚರಿ. ಹೀಗೆ ಕುದಿಸಿದಾಗ ಅಳಿದುಳಿದ ಪರಿಮಳವೂ ಹೋಗುತ್ತದೆ. ಕಾಫಿಯ ಕ್ಲೋರೊಜೆನಿಕ್ ಆಮ್ಲದಿಂದ ಬಂದ ಅಂಶಗಳು ಒಡೆದು ಹುಳಿ, ಒಗರು ಏರುತ್ತದೆ. ಬಿಸಿ ಮಾಡಬೇಕಾದದ್ದು ಹಾಲನ್ನು. ಹಾಲು ಉಕ್ಕಿ ಬರುವ ಹೊತ್ತಿಗೆ ಇಳಿಸಿ, ಲೋಟದಲ್ಲಿರುವ ಡಿಕಾಕ್ಷನ್ನಿನ ಮೇಲೆ ಸುರಿದರೆ ಕುಡಿಯುವ ಬಿಸಿ ತಾನಾಗಿ ಬರುತ್ತದೆ. ಡಿಕಾಕ್ಷನ್ ತೀರಾ ತಣ್ಣಗಿದ್ದರೆ ಬಟ್ಟಲನ್ನು ಬಿಸಿನೀರಿನಲ್ಲಿ ಕೂರಿಸಿ ಬೆಚ್ಚಗೆ ಮಾಡಿಕೊಳ್ಳಬಹುದು. ಬೆಳಗಿನಿಂದ ನಾಲ್ಕು ಸಲ ಕಾಸಿ ಕೆನೆಗಟ್ಟಿದ ಹಾಲೂ ಕಾಫಿಯ ರುಚಿಯನ್ನು ನುಂಗುತ್ತದೆ. ಇನ್ನು ಎರಡನೇ ಡಿಕಾಕ್ಷನ್. ಪುಡಿ ದುಬಾರಿಯಾಗಿರುವಾಗ ಒಂದು ಸಲ ಬಳಸಿ ಚೆಲ್ಲಲು ಮನಸ್ಸು ಬಾರದು, ಅದು ತಪ್ಪೂ ಅಲ್ಲ. ಆದರೆ ಬೇಗ ಕರಗುವ ಹುಳಿ, ಸಿಹಿ, ಪರಿಮಳ ಎಲ್ಲ ಮೊದಲ ನೀರಿನಲ್ಲೇ ಇಳಿದಿರುತ್ತವೆ. ಎರಡನೆಯ ನೀರಿಗೆ ಸಿಗುವುದು ನಿಧಾನಕ್ಕೆ ಕರಗುವ ಕಹಿ. ಅದನ್ನು ಬೇಕಾದರೆ ಬೇರೆಯಾಗಿ ಕುಡಿಯಿರಿ, ಮೊದಲನೆಯದಕ್ಕೆ ಬೆರೆಸಿ ಒಳ್ಳೆಯದನ್ನೂ ಕೆಡಿಸಬೇಡಿ.

ನೀರಿನ ಬಗ್ಗೆ ಎರಡೇ ಮಾತು. ಕೊಳವೆಬಾವಿಯ ಗಡಸು ನೀರಿನಲ್ಲಿರುವ ಬೈಕಾರ್ಬೊನೇಟ್ ಕಾಫಿಯ ಆಮ್ಲಗಳನ್ನು ತಟಸ್ಥಗೊಳಿಸಿ ರುಚಿಯನ್ನು ಮಂಕಾಗಿಸುತ್ತದೆ. ಆರ್‌ಒ ಯಂತ್ರದಲ್ಲಿ ಖನಿಜಗಳನ್ನೆಲ್ಲ ತೆಗೆದುಹಾಕಿದ ನೀರೂ ಸಾರವನ್ನು ಸರಿಯಾಗಿ ಎಳೆಯದು, ಕಾಫಿ ಚಪ್ಪೆಯಾಗುತ್ತದೆ. ನಡುವಿನದು ಬೇಕು. ನಲ್ಲಿಯಲ್ಲಿ ಕಾವೇರಿ ನೀರು ಬರುವ ಮನೆಯವರು ಅದನ್ನೇ ಕುದಿಸಿ ಬಳಸಲಿ.

ಇಷ್ಟು ಹೇಳಿದ ಮೇಲೆ ಫಿಲ್ಟರ್ ಎಲ್ಲರಿಗೂ ಎಲ್ಲದಕ್ಕೂ ಸರಿ ಎಂದು ನಾನು ವಾದಿಸಲಾರೆ. ಹಾಲಿಲ್ಲದೆ ಕುಡಿಯುವವರ ಆಕ್ಷೇಪಕ್ಕೆ ನನ್ನ ಪೂರ್ತಿ ಒಪ್ಪಿಗೆಯಿದೆ. ಅವರಿಗೆ ಫಿಲ್ಟರ್ ಡಿಕಾಕ್ಷನ್ ತೀರಾ ಗಟ್ಟಿ, ನೀರು ಬೆರೆಸಿ ತಿಳಿ ಮಾಡಿಕೊಂಡರೂ ಒಳ್ಳೆಯ ಅರೇಬಿಕಾದ ಸೂಕ್ಷ್ಮಗಳು ಅದರಲ್ಲಿ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ. ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ, ಕೊಡಗು ಅರೇಬಿಕಾಗಳಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂದಿದೆ. ಇಂಥ ಬೀಜವನ್ನು ನಸುಗಂದಾಗಿ ಹುರಿಸಿ, ಫ್ರೆಂಚ್ ಪ್ರೆಸ್‌ನಲ್ಲಿ ತರಿಪುಡಿ ಹಾಕಿ ನಾಲ್ಕು ನಿಮಿಷ ನೆನೆಸಿ ಕುಡಿಯುವುದು ಅಥವಾ ಕಾಗದದ ಸೋಸುಕದಲ್ಲಿ ಇಳಿಸುವುದು ನಿಜಕ್ಕೂ ಬೇರೆಯದೇ ಸುಖ. ಹಾಗೆ ನೋಡಿದರೆ ಇದು ನಮಗೆ ಹೊಸದೂ ಅಲ್ಲ. ಮಲೆನಾಡು, ಕೊಡಗಿನ ಮನೆಗಳಲ್ಲಿ ಬೆಲ್ಲ ಹಾಕಿದ ಕುದಿನೀರಿಗೆ ಪುಡಿ ಸೇರಿಸಿ, ಇಳಿಸಿ ಮುಚ್ಚಿಟ್ಟು, ಪುಡಿ ತಳಕ್ಕೆ ಕೂತ ಮೇಲೆ ಬಟ್ಟೆಯಲ್ಲಿ ಸೋಸುವ ಬೆಲ್ಲದ ಕಾಫಿ ಇದೆ. ಪುಡಿಯನ್ನು ನೀರಿನಲ್ಲಿ ನೆನೆಸಿ ಆಮೇಲೆ ಬೇರ್ಪಡಿಸುವ ಫ್ರೆಂಚ್ ಪ್ರೆಸ್‌ನ ಕೆಲಸವೂ ಅದೇ. ಮನೆಯಲ್ಲಿ ಒಂದು ಪಾತ್ರೆ, ಒಂದು ತೆಳು ಬಟ್ಟೆ ಇದ್ದವರು ಕಪ್ಪು ಕಾಫಿಯ ರುಚಿ ನೋಡಲು ಒಂದು ರೂಪಾಯಿಯನ್ನೂ ಖರ್ಚು ಮಾಡಬೇಕಿಲ್ಲ. ಆ ರುಚಿ ಹತ್ತಿದರೆ ಆಮೇಲೆ ಸಾಧನ ಕೊಂಡರಾಯಿತು.

ಇನ್ನೊಂದು ಆಕ್ಷೇಪ ಆರೋಗ್ಯದ್ದು, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಕಾಫಿಯ ಎಣ್ಣೆಯಲ್ಲಿ ಕೆಫೆಸ್ಟಾಲ್ ಎಂಬ ಅಂಶವಿದೆ. ಕಾಗದದಲ್ಲಿ ಸೋಸದ, ಕುದಿಸಿ ಮಾಡುವ ಕಾಫಿಯನ್ನು ಹೆಚ್ಚಾಗಿ ಕುಡಿಯುವವರಲ್ಲಿ ಇದು ಎಲ್‌ಡಿಎಲ್ ಕೊಲೆಸ್ಟರಾಲನ್ನು ಏರಿಸುತ್ತದೆಂದು ಉತ್ತರ ಯುರೋಪಿನಲ್ಲಿ ನಡೆದ ಅಧ್ಯಯನಗಳು ತೋರಿಸಿವೆ. ಜರ್ಮನಿಯ ಮೆಲಿಟ್ಟಾ ಬೆಂಟ್ಸ್ ಎಂಬ ಗೃಹಿಣಿ 1908ರಲ್ಲಿ ಕಾಫಿಗೆ ಕಾಗದದ ಸೋಸುಕವನ್ನು ತಂದದ್ದು ಚರಟ ಮತ್ತು ಕಹಿ ತಪ್ಪಿಸಲು, ಆದರೆ ಆ ಕಾಗದ ಈ ಎಣ್ಣೆಯಂಶವನ್ನೂ ಬಹುಪಾಲು ತಡೆಹಿಡಿಯುತ್ತದೆ. ನಮ್ಮ ಫಿಲ್ಟರಿನ ಲೋಹದ ತೂತು ಅದನ್ನು ತಡೆಯಲಾರದು. ಕೊಲೆಸ್ಟರಾಲ್ ಹೆಚ್ಚಿದೆ ಎಂದು ವೈದ್ಯರು ಎಚ್ಚರಿಸಿದವರು ಕಾಗದದ ಸೋಸುಕಕ್ಕೆ ಹೊರಳುವುದು ಜಾಣತನ. ಹಾಲಿನ ಕಾಫಿಯೇ ಬೇಕೆಂದರೆ ಪುಡಿ ಹೆಚ್ಚು, ನೀರು ಕಡಿಮೆ ಹಾಕಿ ಕಾಗದದಲ್ಲೇ ಗಟ್ಟಿಯಾಗಿ ಇಳಿಸಿಕೊಳ್ಳಬಹುದು. ಫಿಲ್ಟರಿನ ತಳಕ್ಕೆ ಅಳತೆಗೆ ಕತ್ತರಿಸಿದ ಸೋಸು ಕಾಗದ ಹಾಸುವುದೂ ಒಂದು ದಾರಿ, ಇಳಿಯುವುದು ತುಸು ನಿಧಾನವಾಗುತ್ತದೆ.

ಇನ್‌ಸ್ಟಂಟ್ ಕಾಫಿ ಸಾಕಲ್ಲ ಎನ್ನುವವರಿಗೆ ಹೇಳುವುದಿಷ್ಟೇ. ಅದು ಕಾರ್ಖಾನೆಯಲ್ಲಿ ಒಮ್ಮೆ ಇಳಿಸಿ, ನೀರು ಆರಿಸಿ ಪುಡಿ ಮಾಡಿದ ಕಾಫಿ. ಆ ದಾರಿಯಲ್ಲಿ ಪರಿಮಳ ಎಷ್ಟು ಕಳೆಯಬೇಕೋ ಅಷ್ಟು ಕಳೆದಿರುತ್ತದೆ. ಪ್ರಯಾಣಕ್ಕೆ ಸರಿ. ‘ಹೋಟೆಲ್ ಕಾಫಿಯ ರುಚಿ ಮನೆಯಲ್ಲಿ ಬರುವುದೇ ಇಲ್ಲ’ ಎಂಬ ದೂರಿಗೆ ಮಾತ್ರ ಉತ್ತರ ಹೇಳಬೇಕು, ಏಕೆಂದರೆ ಅದರಲ್ಲೇ ನನ್ನ ವಾದಕ್ಕೆ ಬಲವಾದ ಸಾಕ್ಷಿಯಿದೆ. ಬೆಂಗಳೂರಿನ ದರ್ಶಿನಿಗಳಲ್ಲಿ ಗುಟ್ಟಿನ ಯಂತ್ರವೇನೂ ಇಲ್ಲ. ಬಹಳ ಕಡೆ ಇರುವುದು ದೊಡ್ಡ ಫಿಲ್ಟರ್ ಇಲ್ಲವೇ ಸೋಸುವ ಬಟ್ಟೆ. ಆದರೆ ಅಲ್ಲಿ ಪುಡಿ ಡಬ್ಬಿಯಲ್ಲಿ ಕೂರುವುದಿಲ್ಲ, ಬಂದದ್ದು ಬಂದಂತೆ ಖರ್ಚಾಗುತ್ತದೆ. ಡಿಕಾಕ್ಷನ್ ಹೊತ್ತುಹೊತ್ತಿಗೆ ಹೊಸದಾಗಿ ಇಳಿಯುತ್ತದೆ. ಹಾಲು ಗಟ್ಟಿ, ಒಂದೇ ಸಮನೆ ಬಿಸಿ. ಮನೆಯಲ್ಲಿ ಇರುವುದೂ ಅದೇ ಸಾಧನ, ಇಲ್ಲದಿರುವುದು ಪುಡಿಯ ಹೊಸತನ.

ಭಾರತದಲ್ಲಿ ಬೆಳೆದ ಕಾಫಿಯ ಬಹುಪಾಲು ರಫ್ತಾಗುತ್ತದೆ. ಬೆಳೆಯುವವರಲ್ಲಿ ಹೆಚ್ಚಿನವರು ಸಣ್ಣ ಹಿಡುವಳಿಯ ರೈತರು. ಅವರ ತೋಟದ ಒಳ್ಳೆಯ ಬೀಜವನ್ನು ಕೇಳಿ ಕೊಳ್ಳುವ ಗಿರಾಕಿ ನಮ್ಮ ಊರುಗಳಲ್ಲೇ ಹುಟ್ಟಿದರೆ, ಹೊರದೇಶದ ಮಾರುಕಟ್ಟೆಯನ್ನೇ ನೆಚ್ಚಿಕೊಂಡಿರುವ ಬೆಳೆಗೆ ಇಲ್ಲೂ ಒಂದು ಆಸರೆ ಸಿಗುತ್ತದೆ. ಅದು ಆಗಬೇಕಾದರೆ ಕೊಳ್ಳುವವರು ಪ್ರಶ್ನೆ ಕೇಳಬೇಕು. ಮುಂದಿನ ಸಲ ಪುಡಿ ತರಲು ಹೋದಾಗ ಅಂಗಡಿಯವರನ್ನು ಮೂರು ವಿಷಯ ಕೇಳಿ: ಬೀಜ ಯಾವ ಜಿಲ್ಲೆಯದು, ಹುರಿದದ್ದು ಯಾವತ್ತು, ಚಿಕೋರಿ ಎಷ್ಟು. ಉತ್ತರ ಸರಿಯಾಗಿ ಸಿಕ್ಕರೆ ನೂರು ಗ್ರಾಂ ತನ್ನಿ, ಎದುರಿಗೇ ಪುಡಿ ಮಾಡಿಸಿ, ಮಾರನೆಯ ಬೆಳಗ್ಗೆಯೇ ಹಳೆಯ ಫಿಲ್ಟರಿಗೆ ಹಾಕಿ. ಹೊಸ ಯಂತ್ರ ಬೇಕೋ ಬೇಡವೋ ಎಂಬುದನ್ನು ಆ ಕಾಫಿ ಕುಡಿದ ಮೇಲೆ ನಿರ್ಧರಿಸಿ.